ಆಕಾಶಮಾರ್ಗದ ಟಪಾಲು ಮತ್ತು ಅರ್ಧ ಸೆಕೆಂಡಿನ ಲೆಕ್ಕ

ಧಾರವಾಡ ಜಿಲ್ಲೆಯ ಪೂರ್ವಭಾಗದ ಎರೆನಾಡಿನಲ್ಲಿ, ನವಲಗುಂದದ ಗುಡ್ಡದ ಮೇಲಾಗಲಿ ಅಣ್ಣಿಗೇರಿಯ ಹೊಲದ ಬದುವಿನ ಮೇಲಾಗಲಿ ನಿಂತು, ದಕ್ಷಿಣಕ್ಕೆ ಮುಖಮಾಡಿ, ದಿಗಂತದಿಂದ ಸುಮಾರು 72 ಡಿಗ್ರಿಗಳಷ್ಟು ಮೇಲಕ್ಕೆ ದೃಷ್ಟಿಯನ್ನು ಹರಿಸಿದರೆ ನಮ್ಮ ಕಣ್ಣಿಗೆ ನೀಲಿಯ ಹೊರತು ಮತ್ತೇನೂ ಗೋಚರಿಸದು. ಆದರೆ ಆ ನೇರದಲ್ಲಿಯೇ, ಕೊಂಚ ಪಶ್ಚಿಮಕ್ಕೆ ವಾಲಿದಂತೆ, ಭೂಮಧ್ಯರೇಖೆಯಿಂದ 35,786 ಕಿಲೋಮೀಟರು ಎತ್ತರದಲ್ಲಿ ಭಾರತದ ಒಂದು ಕೃತಕ ಉಪಗ್ರಹವಿರುವುದು. ಅದರ ಹೆಸರು ಜಿಸ್ಯಾಟ್-11. 2018ರ ಡಿಸೆಂಬರ್ 5ರಂದು ಫ್ರೆಂಚ್ ಗಯಾನಾದ ಕೌರೂ ಎಂಬಲ್ಲಿಂದ ಏರಿಯಾನ್-5 ರಾಕೆಟ್ಟು ಅದನ್ನು ಮೇಲಕ್ಕೊಯ್ದಿತು. ಅದರ ತೂಕ 5,854 ಕಿಲೋಗ್ರಾಂ. ತಂತಿ ತಲುಪದ ಗ್ರಾಮ ಪಂಚಾಯತಿಗಳಿಗೆ ಅಂತರಜಾಲವನ್ನು ಮುಟ್ಟಿಸುವುದು ಅದರ ಉದ್ದೇಶಗಳಲ್ಲಿ ಒಂದು. ಪೂರ್ವ ರೇಖಾಂಶ 74 ಡಿಗ್ರಿಯ ಈ ನೆಲೆ ನಮಗೆ ಹೊಸದೇನೂ ಅಲ್ಲ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಹಾರಿದ ಎಜುಸ್ಯಾಟ್ ಎಂಬ ವಿದ್ಯಾಪ್ರಸಾರದ ಉಪಗ್ರಹವೂ ಇದೇ ರೇಖೆಯ ಮೇಲೆ ನಿಂತು 2010ರವರೆಗೆ ಸೇವೆ ಸಲ್ಲಿಸಿತು. ಧಾರವಾಡ ಜಿಲ್ಲೆಯ ರೇಖಾಂಶ 75ರ ಆಸುಪಾಸಿನದು. ಆದುದರಿಂದ ಈ ಉಪಗ್ರಹಕ್ಕೆ ನಮ್ಮ ಜಿಲ್ಲೆ ಬಹುಮಟ್ಟಿಗೆ ನೇರದಲ್ಲಿದೆಯೆಂದೇ ಹೇಳಬೇಕು.

ನೇರದಲ್ಲಿದ್ದರೇನು? ದೂರವಂತೂ ದೂರವೇ. ನವಲಗುಂದದಿಂದ ಅಲ್ಲಿಗೆ ಸರಳರೇಖೆಯಲ್ಲಿ ಅಳೆದರೆ ಸುಮಾರು 36,060 ಕಿಲೋಮೀಟರು. ರೇಡಿಯೋ ಅಲೆಗಳು ಬೆಳಕಿನ ವೇಗದಲ್ಲಿ, ಎಂದರೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರಿನಂತೆ, ಸಂಚರಿಸುವುವೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಮೇಲೇರಿ ಕೆಳಗಿಳಿಯಲು ಒಂದು ಸಂದೇಶಕ್ಕೆ 0.24 ಸೆಕೆಂಡು ಬೇಕು. ಅದಕ್ಕೆ ಪ್ರತ್ಯುತ್ತರವೂ ಅದೇ ದಾರಿಯಿಂದ ಬರಬೇಕಷ್ಟೆ. ಹೀಗೆ ಒಂದು ಪ್ರಶ್ನೆ, ಒಂದು ಉತ್ತರ ಮುಗಿಯುವಷ್ಟರಲ್ಲಿ 0.48 ಸೆಕೆಂಡು ಸಂದಿರುವುದು. ನೆಲದ ಯಂತ್ರಗಳು ತೆಗೆದುಕೊಳ್ಳುವ ವೇಳೆಯನ್ನೂ ಸೇರಿಸಿ ನಾವು ಇದನ್ನು ಅರ್ಧ ಸೆಕೆಂಡೆಂದೇ ಎಣಿಸೋಣ. ಬೆಂಗಳೂರಿಗೆ ನೆಲದೊಳಗಿನ ಗಾಜಿನ ಎಳೆಯಲ್ಲಿ ಹೋಗಿ ಬರಲು ಬೆಳಕಿಗೆ 5 ಮಿಲಿಸೆಕೆಂಡು ಸಾಕು. ನಡುವಣ ಯಂತ್ರಗಳ ತಡೆಗಳನ್ನು ಕೂಡಿಸಿದರೆ 20 ಮಿಲಿಸೆಕೆಂಡು ಎನ್ನಬಹುದು. ಉಪಗ್ರಹದ ದಾರಿ ಇದರ ಇಪ್ಪತ್ತೈದು ಪಟ್ಟು ನಿಧಾನ.

ಅರ್ಧ ಸೆಕೆಂಡು ಒಂದು ದೊಡ್ಡ ಮಾತೇ ಎಂದು ವಾಚಕರು ಕೇಳಬಹುದು. ಸಂಗೀತ ಬಲ್ಲವರು ಹಾಗೆ ಕೇಳಲಾರರು. ಸವಾಯಿ ಗಂಧರ್ವರ ಊರಾದ ಕುಂದಗೋಳದಲ್ಲಿ ಗಾಯಕರು ಕುಳಿತು, ತಬಲೆಯವರು ಉಪಗ್ರಹದ ಆಚೆಯ ತುದಿಯಲ್ಲಿ ಕುಳಿತರೆ, ದ್ರುತಲಯದ ಸಮ್ ಎಂದಿಗೂ ಕೂಡಿಬಾರದು. ಯಂತ್ರಗಳಿಗೆ ತಾಳದ ಹಂಗಿಲ್ಲವೆಂಬುದು ನಿಜ. ಆದರೆ ಅವುಗಳ ಸಂಭಾಷಣೆಗೂ ಒಂದು ಲಯವುಂಟು. ಅದು ತಪ್ಪಿದಾಗ ಆಗುವ ನಷ್ಟವನ್ನು ನಾವು ಒಂದು ಪಹಣಿಯ ಉದಾಹರಣೆಯಿಂದ ಕಾಣಬಹುದು.

ಬೆಣ್ಣಿಹಳ್ಳಕ್ಕೆ ಪ್ರವಾಹ ಬಂದು ರಸ್ತೆಗಳು ಮುರಿದು, ಅವುಗಳ ಪಕ್ಕದಲ್ಲಿ ಹೂತಿದ್ದ ತಂತಿಯೂ ಕಡಿದಿದೆಯೆಂದು ಭಾವಿಸಿ. ಬೆಳೆಹಾನಿಯ ಪರಿಹಾರಕ್ಕಾಗಿ ರೈತನಿಗೆ ಆ ದಿನವೇ ಪಹಣಿ ಬೇಕಾಗಿದೆ. ಪಂಚಾಯತಿಯ ಮಾಳಿಗೆಯ ಮೇಲಿನ ತಟ್ಟೆ ಆಂಟೆನವೊಂದೇ ಈಗ ಗತಿ. ಪಹಣಿಯ ಪ್ರತಿ 50,000 ಬೈಟುಗಳಷ್ಟಿದೆಯೆನ್ನೋಣ. ದಾರಿಯ ಸಾಮರ್ಥ್ಯ ಸೆಕೆಂಡಿಗೆ 1 ಕೋಟಿ ಬಿಟ್‌ಗಳಾದರೆ, ಆ ಪ್ರತಿಯನ್ನು ಹರಿಯಬಿಡಲು 40 ಮಿಲಿಸೆಕೆಂಡು ಸಾಕು. ಆದರೆ ಕಂಪ್ಯೂಟರು ಮೊದಲು ದಫ್ತರದ ವಿಳಾಸವನ್ನು ವಿಚಾರಿಸಬೇಕು: ಒಂದು ಸುತ್ತು. ಸಂಪರ್ಕಕ್ಕೆ ಒಪ್ಪಿಗೆ ಪಡೆಯಬೇಕು: ಮತ್ತೊಂದು ಸುತ್ತು. ಗುಪ್ತಲಿಪಿಯ ಕೀಲಿಯನ್ನು ಗೊತ್ತುಪಡಿಸಿಕೊಳ್ಳಲು ಹಳೆಯ ಕ್ರಮದಲ್ಲಿ ಎರಡು ಸುತ್ತುಗಳು. ಬಳಿಕ ಪಹಣಿಯನ್ನು ಕೇಳಿ ಅದರ ಮೊದಲ ಕಂತನ್ನು ಪಡೆಯಲು ಒಂದು; ಮಿಕ್ಕ ಕಂತುಗಳಿಗೆ ಇನ್ನೆರಡು. ಒಟ್ಟು ಏಳು ಸುತ್ತು, ಮೂರೂವರೆ ಸೆಕೆಂಡು! ಸಾಮರ್ಥ್ಯವನ್ನು ಹತ್ತು ಪಟ್ಟು ಹೆಚ್ಚಿಸಿ, ಅದಕ್ಕೆ ತಕ್ಕ ಹಣವನ್ನೂ ತೆತ್ತರೆ, ಉಳಿಯುವುದು ಆ 40 ಮಿಲಿಸೆಕೆಂಡುಗಳಲ್ಲಿ 36 ಮಾತ್ರ. ಒಂದು ಪಹಣಿಗೆ ಮೂರೂವರೆ ಸೆಕೆಂಡು ಕಾಯುವುದೇನೂ ಕಷ್ಟವಲ್ಲ. ಆದರೆ ಈಗಿನ ಅರ್ಜಿಯ ಪುಟವೊಂದು ಇಂತಹ ಹತ್ತಾರು ತುಣುಕುಗಳನ್ನು ತರಿಸಿಕೊಳ್ಳುವುದು, ಬಾಗಿಲ ಹೊರಗೆ ನೂರು ಜನರ ಸಾಲು ನಿಂತಿರುವುದು. ಉಪಗ್ರಹದ ದಾರಿಯ ನಿಜವಾದ ಬಡತನವು ಅಗಲದ್ದಲ್ಲ, ಕಾಯುವಿಕೆಯದು.

ಯಂತ್ರಗಳು ಪರಸ್ಪರ ಮಾತನಾಡುವ ರೀತಿನೀತಿಗಳನ್ನು ಗೊತ್ತುಪಡಿಸುವ ನಿಯಮಾವಳಿಗೆ ಪ್ರೋಟೋಕಾಲ್ ಎಂದು ಹೆಸರು. ಅಂತರಜಾಲದಲ್ಲಿ ಬಹುಕಾಲದಿಂದ ಆಳುತ್ತಿರುವ ನಿಯಮಾವಳಿ ಟಿ.ಸಿ.ಪಿ. ಅಮೆರಿಕದ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬವರು 1974ರಲ್ಲಿ ಅದರ ಮೂಲತತ್ತ್ವವನ್ನು ಪ್ರಕಟಿಸಿದರು. ಕಳುಹಬೇಕಾದ ಮಾಹಿತಿಯನ್ನು ಅದು ಸುಮಾರು 1,500 ಬೈಟುಗಳ ಪೊಟ್ಟಣಗಳಾಗಿ ಕಟ್ಟಿ, ಒಂದೊಂದಕ್ಕೂ ಕ್ರಮಾಂಕ ಕೊಟ್ಟು ಕಳುಹುವುದು. ತಲುಪಿದ ಪೊಟ್ಟಣಗಳಿಗೆ ಆಚೆಯ ತುದಿಯಿಂದ ಪಾವತಿ ಬರಬೇಕು. ಬಾರದಿದ್ದರೆ ಪೊಟ್ಟಣ ಕಳೆದುಹೋಯಿತೆಂದು ತಿಳಿದು ಮತ್ತೆ ಕಳುಹುವುದು.

ಕುಂದಗೋಳದ ರೈತನೊಬ್ಬನು ಮೆಣಸಿನಕಾಯಿಯ ಚೀಲಗಳನ್ನು ಹುಬ್ಬಳ್ಳಿಯ ಪೇಟೆಗೆ ಚಕ್ಕಡಿಯಲ್ಲಿ ಕಳುಹುತ್ತಾನೆಂದು ಇಟ್ಟುಕೊಳ್ಳೋಣ. ಮೊದಲ ಚಕ್ಕಡಿ ಮುಟ್ಟಿದ ಪಾವತಿ ಚೀಟಿ ಕೈಗೆ ಬರುವವರೆಗೆ ಎರಡನೆಯ ಚಕ್ಕಡಿಯನ್ನು ಹೂಡಲಾರೆನೆಂದು ಆತನು ಹಟ ಹಿಡಿದರೆ, ದಾರಿ ಎಷ್ಟು ಅಗಲವಾಗಿದ್ದರೂ ದಿನವಿಡೀ ಬರಿದಾಗಿಯೇ ಬಿದ್ದಿರುವುದು. ಉಪಗ್ರಹದ ದಾರಿಯಲ್ಲಿ ಹೀಗೆ ಒಂದೊಂದೇ ಪೊಟ್ಟಣ ಕಳುಹಿದರೆ, ಸೆಕೆಂಡಿಗೆ 1 ಕೋಟಿ ಬಿಟ್‌ಗಳ ದಾರಿಯಲ್ಲಿ ಸಾಗುವುದು 24,000 ಬಿಟ್ ಮಾತ್ರ. ಸಾಮರ್ಥ್ಯದ ನಾನೂರರಲ್ಲಿ ಒಂದು ಪಾಲೂ ಇಲ್ಲ. ಆದುದರಿಂದ ಪಾವತಿಗೆ ಕಾಯದೆ ಇಷ್ಟು ಪೊಟ್ಟಣಗಳನ್ನು ಸಾಲಾಗಿ ಬಿಡಬಹುದೆಂಬ ಮಿತಿಯೊಂದನ್ನು ಟಿ.ಸಿ.ಪಿ. ಇಟ್ಟುಕೊಂಡಿದೆ. ಇದಕ್ಕೆ ವಿಂಡೋ, ಎಂದರೆ ಕಿಟಕಿ, ಎಂದು ಹೆಸರಿಟ್ಟಿದ್ದಾರೆ. ಕಿಟಕಿ ಎಷ್ಟು ದೊಡ್ಡದಿರಬೇಕು? ದಾರಿಯ ಸಾಮರ್ಥ್ಯವನ್ನು ಸುತ್ತಿನ ಕಾಲದಿಂದ ಗುಣಿಸಿದರೆ ಉತ್ತರ ದೊರೆಯುವುದು: 1 ಕೋಟಿ ಬಿಟ್‌ಗಳ ಅರ್ಧ, ಎಂದರೆ 6,25,000 ಬೈಟು, ಸುಮಾರು 417 ಪೊಟ್ಟಣಗಳು. ಇಷ್ಟು ಪೊಟ್ಟಣಗಳು ಸದಾ ದಾರಿಯಲ್ಲಿದ್ದರೆ ಮಾತ್ರ ದಾರಿ ತುಂಬಿರುವುದು.

ಇಲ್ಲಿಯೇ ಮೊದಲ ತೊಡಕು ಎದುರಾಯಿತು. ಟಿ.ಸಿ.ಪಿ.ಯ ತಲೆಬರಹದಲ್ಲಿ ಕಿಟಕಿಯ ಅಳತೆಯನ್ನು ಬರೆಯಲು 16 ಬಿಟ್‌ಗಳ ಸ್ಥಳವನ್ನಷ್ಟೇ ಬಿಟ್ಟಿದ್ದರು. 16 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 65,535. ಅಷ್ಟು ಬೈಟುಗಳನ್ನು ಅರ್ಧ ಸೆಕೆಂಡಿಗೊಮ್ಮೆ ಕಳುಹಿದರೆ ಸೆಕೆಂಡಿಗೆ ಸುಮಾರು 10 ಲಕ್ಷ ಬಿಟ್‌ಗಳಾಗುವುವು. ಉಪಗ್ರಹದ ದಾರಿ ಎಷ್ಟೇ ಹಿರಿದಾಗಿರಲಿ, ಒಂದು ಸಂಪರ್ಕಕ್ಕೆ ಅದಕ್ಕಿಂತ ಹೆಚ್ಚು ದಕ್ಕುತ್ತಿರಲಿಲ್ಲ. ಇದನ್ನು ರೂಪಿಸಿದವರಿಗೆ ಉಪಗ್ರಹದ ಅರಿವಿರಲಿಲ್ಲವೆಂದಲ್ಲ. 1977ರ ನವೆಂಬರ್ 22ರಂದು ಅವರು ನಡೆಸಿದ ಪ್ರಸಿದ್ಧ ಪ್ರಯೋಗದಲ್ಲಿ ಸಂದೇಶವು ಅಟ್ಲಾಂಟಿಕ್ ಸಾಗರವನ್ನು ಉಪಗ್ರಹದ ಮೂಲಕವೇ ದಾಟಿತ್ತು. ಅಂದಿನ ದಾರಿಗಳು ಅಷ್ಟು ಕಿರಿದಾಗಿದ್ದುವು, ಆದುದರಿಂದ 65,535 ಎಂಬುದು ಸಮುದ್ರದಂತೆ ಕಂಡಿತು. 1992ರಲ್ಲಿ ಆ ಸಂಖ್ಯೆಯನ್ನು ಎರಡರ ಘಾತಗಳಿಂದ ಗುಣಿಸಿ ಓದಬೇಕೆಂಬ ತಿದ್ದುಪಡಿ ಬಂದು, ಕಿಟಕಿ ನೂರು ಕೋಟಿ ಬೈಟುಗಳವರೆಗೂ ತೆರೆಯುವಂತಾಯಿತು.

ತೆರೆಯಬಹುದೆಂಬುದು ಬೇರೆ, ತೆರೆಯುವುದು ಬೇರೆ. ಕಳುಹುವವನಿಗೆ ದಾರಿಯ ಅಗಲ ಮೊದಲೇ ತಿಳಿದಿರುವುದಿಲ್ಲ. ಆದುದರಿಂದ ಟಿ.ಸಿ.ಪಿ. ಮೊದಲು ಕೆಲವೇ ಪೊಟ್ಟಣಗಳನ್ನು ಬಿಟ್ಟು ನೋಡಿ, ಪಾವತಿ ಬಂದಂತೆಲ್ಲ ಸುತ್ತಿಗೊಮ್ಮೆ ಇಮ್ಮಡಿಗೊಳಿಸುತ್ತದೆ. ಒಂದರಿಂದ ಆರಂಭಿಸಿ 417ನ್ನು ಮೀರಲು ಒಂಬತ್ತು ಸುತ್ತುಗಳು ಬೇಕು. ನೆಲದ ತಂತಿಯಲ್ಲಿ ಇದು ಸೆಕೆಂಡಿನ ಐದರಲ್ಲೊಂದು ಭಾಗಕ್ಕಿಂತ ಕಡಮೆ. ಉಪಗ್ರಹದ ದಾರಿಯಲ್ಲಿ ನಾಲ್ಕೂವರೆ ಸೆಕೆಂಡು. 2013ರಿಂದೀಚೆಗೆ ಹತ್ತು ಪೊಟ್ಟಣಗಳಿಂದ ಆರಂಭಿಸಬಹುದೆಂಬ ನಿಯಮ ಬಳಕೆಗೆ ಬಂದಿದೆ. ಆಗಲೂ ಆರು ಸುತ್ತು, ಮೂರು ಸೆಕೆಂಡು. ನಮ್ಮ ಪಹಣಿಯಾದರೋ ಅಷ್ಟರೊಳಗೆ ಬಂದು ಮುಗಿದಿರುವುದು; ಅದು ತುಂಬಿದ ದಾರಿಯ ವೇಗವನ್ನು ಎಂದೂ ಕಾಣದು.

ಇನ್ನು ಎರಡನೆಯ ತೊಡಕು. ನಮ್ಮ ಅಭಿಪ್ರಾಯದಲ್ಲಿ ಇದೇ ಹೆಚ್ಚು ಸ್ವಾರಸ್ಯವುಳ್ಳದ್ದು. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯಕ್ಕೂ ಬರ್ಕಲಿಯ ವಿಶ್ವವಿದ್ಯಾಲಯಕ್ಕೂ ನಡುವೆ, ಬರಿಯ 400 ಗಜಗಳ ಅಂತರದಲ್ಲಿ, ಮಾಹಿತಿಯ ವೇಗವು ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ದಟ್ಟಣೆಯಲ್ಲಿ ಪೊಟ್ಟಣಗಳು ಕಳೆದುಹೋಗುತ್ತಿದ್ದುವು, ಕಳೆದುದನ್ನು ಎಲ್ಲರೂ ಮತ್ತೆ ಮತ್ತೆ ಕಳುಹುತ್ತಿದ್ದರು, ಅದರಿಂದ ದಟ್ಟಣೆ ಇನ್ನಷ್ಟು ಬೆಳೆಯುತ್ತಿದ್ದಿತು. ವ್ಯಾನ್ ಜೇಕಬ್‌ಸನ್ ಎಂಬವರು ಮೈಕೆಲ್ ಕರೆಲ್ಸ್ ಅವರೊಡಗೂಡಿ ಇದಕ್ಕೆ ಪರಿಹಾರವನ್ನು ಕಂಡು 1988ರಲ್ಲಿ ಪ್ರಕಟಿಸಿದರು. ಪೊಟ್ಟಣ ಕಳೆದುದೆಂದರೆ ದಾರಿಯಲ್ಲಿ ದಟ್ಟಣೆಯಿದೆಯೆಂದು ಅರ್ಥ. ಕೂಡಲೆ ಕಿಟಕಿಯನ್ನು ಅರ್ಧಕ್ಕೆ ಇಳಿಸಬೇಕು, ಬಳಿಕ ಸುತ್ತಿಗೆ ಒಂದೊಂದೇ ಪೊಟ್ಟಣದಂತೆ ಮೆಲ್ಲನೆ ಏರಿಸಬೇಕು. ಈ ಸಂಯಮದಿಂದಲೇ ಅಂತರಜಾಲ ಬದುಕಿ ಉಳಿಯಿತೆಂದರೆ ಅತಿಶಯೋಕ್ತಿಯಲ್ಲ.

ಆದರೆ ಕಲಘಟಗಿಯ ಕಡೆ ಪೊಟ್ಟಣಗಳು ಕಳೆಯುವ ಕಾರಣವೇ ಬೇರೆ. ಮಲೆನಾಡಿನ ಸೆರಗಿನಲ್ಲಿರುವ ಆ ಸೀಮೆಗೆ ಮುಂಗಾರು ನವಲಗುಂದಕ್ಕಿಂತ ಧಾರಾಳವಾಗಿ ಸುರಿಯುವುದು. ತಟ್ಟೆ ಆಂಟೆನಗಳು ಸಾಮಾನ್ಯವಾಗಿ ಬಳಸುವ ಕೆಯು ಪಟ್ಟಿಯ ಅಲೆಗಳ ಉದ್ದ ಎರಡು, ಎರಡೂವರೆ ಸೆಂಟಿಮೀಟರು. ದಪ್ಪ ಮಳೆಹನಿಯ ವ್ಯಾಸ ಕೆಲವು ಮಿಲಿಮೀಟರು. ಎರಡೂ ಅಳತೆಗಳು ಇಷ್ಟು ಸಮೀಪವಾಗಿರುವುದರಿಂದ ಹನಿಗಳು ಅಲೆಯ ಶಕ್ತಿಯನ್ನು ಹೀರಿ, ಚದರಿಸಿಬಿಡುತ್ತವೆ. ಪೊಟ್ಟಣವೊಂದು ಮಳೆಯಲ್ಲಿ ಕೆಟ್ಟುಹೋಗುವುದು. ಬಡಪಾಯಿ ಟಿ.ಸಿ.ಪಿ.ಗೆ ಮಳೆಯ ವಿಚಾರವೇನು ಗೊತ್ತು? ದಟ್ಟಣೆಯೆಂದೇ ಬಗೆದು ಕಿಟಕಿಯನ್ನು 417ರಿಂದ 208ಕ್ಕೆ ಇಳಿಸುವುದು. ಅಲ್ಲಿಂದ ಸುತ್ತಿಗೊಂದರಂತೆ ಏರಿ ಮೊದಲಿನ ಸ್ಥಿತಿಗೆ ಬರಲು 209 ಸುತ್ತುಗಳು, ಎಂದರೆ 1 ನಿಮಿಷ 44 ಸೆಕೆಂಡು ಬೇಕು. ಅದೇ ಸಾಮರ್ಥ್ಯದ ನೆಲದ ತಂತಿಯಲ್ಲಿ 17 ಪೊಟ್ಟಣಗಳಿಗೇ ಕಿಟಕಿ ತುಂಬುವುದರಿಂದ ಈ ಚೇತರಿಕೆಗೆ ಸೆಕೆಂಡಿನ ಐದರಲ್ಲೊಂದು ಭಾಗವೂ ಹಿಡಿಯದು. ಎರಡು ನಿಮಿಷಕ್ಕೊಮ್ಮೆ ಒಂದೇ ಪೊಟ್ಟಣ ಕೆಟ್ಟರೂ ಸಾಕು, ನಡುವೆ ಒಂದು ಕ್ಷಣವಷ್ಟೇ ದಾರಿ ತುಂಬೀತು!

ಪರಿಹಾರಗಳನ್ನು ಎರಡು ಕಡೆಯಿಂದ ಹುಡುಕಿದ್ದಾರೆ. ಮೊದಲನೆಯದು ಅಲೆಯ ಮಟ್ಟದಲ್ಲಿ. 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರು ತೋರಿಸಿದ ದಾರಿಯಲ್ಲಿ, ಮಾಹಿತಿಯೊಡನೆ ಕೆಲವು ಹೆಚ್ಚಿನ ಬಿಟ್‌ಗಳನ್ನು ಸೇರಿಸಿ ಕಳುಹಿದರೆ, ಕೆಟ್ಟ ಬಿಟ್‌ಗಳನ್ನು ಪಡೆದವರೇ ತಿದ್ದಿಕೊಳ್ಳಬಹುದು. ಮರಳಿ ಕೇಳುವ ಅಗತ್ಯವೇ ಇಲ್ಲ. ಡಿ.ವಿ.ಬಿ.-ಎಸ್2 ಎಂಬ ಮಾನಕ 2005ರ ವೇಳೆಗೆ ಬಂದ ಮೇಲೆ, ಮಳೆ ಬಿದ್ದಾಗ ಹೆಚ್ಚಿನ ಬಿಟ್‌ಗಳ ಪ್ರಮಾಣವನ್ನು ಏರಿಸಿ ನಿಧಾನವಾಗಿ, ಬಿಸಿಲು ಬಿದ್ದಾಗ ಇಳಿಸಿ ವೇಗವಾಗಿ ಕಳುಹುವ ಏರ್ಪಾಡೂ ಆಯಿತು. ಕಲಘಟಗಿಯಲ್ಲಿ ಮಳೆಯಾಗುವಾಗ ನವಲಗುಂದದ ತಟ್ಟೆಗೆ ಅದರ ದಂಡ ಬೀಳುವುದಿಲ್ಲ; ಒಂದೊಂದು ತಟ್ಟೆಗೂ ಅದರದೇ ಲೆಕ್ಕ.

ಎರಡನೆಯದು ಸಂಭಾಷಣೆಯ ಮಟ್ಟದಲ್ಲಿ. ಬಂದ ಪೊಟ್ಟಣ ಯಾವುದು, ಬಾರದ್ದು ಯಾವುದೆಂದು ಬಿಡಿಬಿಡಿಯಾಗಿ ತಿಳಿಸುವ ಪಾವತಿ 1996ರಲ್ಲಿ ಬಂದಿತು. ಸುತ್ತಿನ ಕಾಲ ಎಷ್ಟೇ ದೀರ್ಘವಾಗಿರಲಿ, ಕೇವಲ 25 ಮಿಲಿಸೆಕೆಂಡೆಂಬಂತೆ ಕಿಟಕಿಯನ್ನು ಬೆಳೆಸುವ ಹೈಬ್ಲ ಎಂಬ ಕ್ರಮವನ್ನು ಇಟಲಿಯ ವಿದ್ವಾಂಸರು 2004ರಲ್ಲಿ ಸೂಚಿಸಿದರು. ಗೂಗಲ್‌ನವರು 2016ರಲ್ಲಿ ಹೊರತಂದ ಬಿ.ಬಿ.ಆರ್. ಎಂಬುದು ಕಳೆದ ಪೊಟ್ಟಣಗಳಿಗೆ ಬೆದರದೆ, ದಾರಿಯ ಅಗಲವನ್ನೂ ಸುತ್ತಿನ ಕಾಲವನ್ನೂ ಅಳೆದು ನಡೆಯುವುದು. ಆದರೆ ಬಹುಕಾಲ ಬಳಕೆಯಲ್ಲಿದ್ದ ಉಪಾಯ ಇವುಗಳಿಗಿಂತ ಚತುರವಾದುದು. ಹುಬ್ಬಳ್ಳಿಯ ಪೇಟೆಯ ದಲಾಲಿ ಅಂಗಡಿಯವರು ತಮ್ಮ ಹೊಣೆಯ ಮೇಲೆ, ಮಾಲು ದೂರದ ಕೊಳ್ಳುವವನಿಗೆ ಮುಟ್ಟುವ ಮೊದಲೇ ರೈತನಿಗೆ ಲೆಕ್ಕ ಚುಕ್ತಾ ಮಾಡುವುದುಂಟಲ್ಲವೆ? ಹಾಗೆಯೇ ಉಪಗ್ರಹದ ದಾರಿಯ ಎರಡೂ ತುದಿಗಳಲ್ಲಿ ಒಂದೊಂದು ಪೆಟ್ಟಿಗೆಯನ್ನಿಡುವರು. ನೆಲದ ತಂತಿಯಿಂದ ಬಂದ ಪೊಟ್ಟಣಕ್ಕೆ ಆ ಪೆಟ್ಟಿಗೆಯೇ ತತ್ಕ್ಷಣ ಪಾವತಿ ಕೊಡುವುದು. ಕಳುಹುವವನು ನಂಬಿ ಮುಂದಿನದನ್ನು ಬಿಡುವನು. ಪೊಟ್ಟಣವನ್ನು ಆಕಾಶಮಾರ್ಗವಾಗಿ ಊರಿಗೆ ಮುಟ್ಟಿಸುವ ಹೊಣೆ ಪೆಟ್ಟಿಗೆಯದು, ಅಲ್ಲಿ ಅದು ತನ್ನದೇ ನಿಯಮಗಳನ್ನು ಅನುಸರಿಸುವುದು. ಇದೊಂದು ಬಗೆಯ ಸುಳ್ಳೆಂದು ಆಕ್ಷೇಪಿಸಿದವರೂ ಇದ್ದಾರೆ. ನಡುವೆ ಪೆಟ್ಟಿಗೆಯೇ ಕೆಟ್ಟರೆ, ತಲುಪದ ಪೊಟ್ಟಣಕ್ಕೆ ಪಾವತಿ ಕೊಟ್ಟಂತಾಗುವುದಷ್ಟೆ.

ಆ ದಲಾಲಿಗೆ ಈಗ ಕಷ್ಟಕಾಲ ಬಂದಿದೆ. ಪಾವತಿ ಕೊಡಬೇಕಾದರೆ ಪೊಟ್ಟಣದ ಮೇಲಿನ ಕ್ರಮಾಂಕವನ್ನು ಓದಬೇಕು. 2021ರಲ್ಲಿ ಮಾನಕವಾದ ಕ್ವಿಕ್ ಎಂಬ ಹೊಸ ನಿಯಮಾವಳಿಯು ಕ್ರಮಾಂಕವನ್ನೂ ಗುಪ್ತಲಿಪಿಯಲ್ಲಿ ಮುಚ್ಚಿಬಿಡುವುದು. ಸಂದೇಶದ ಗೌಪ್ಯಕ್ಕೆ ಇದು ಒಳ್ಳೆಯದೇ. ಅಲ್ಲದೆ ಸಂಪರ್ಕದ ಒಪ್ಪಿಗೆಯನ್ನೂ ಕೀಲಿಯನ್ನೂ ಅದು ಒಂದೇ ಸುತ್ತಿನಲ್ಲಿ ಮುಗಿಸುವುದರಿಂದ, ನಮ್ಮ ಪಹಣಿಯ ಏಳು ಸುತ್ತುಗಳು ಐದಕ್ಕೆ ಇಳಿಯುವುವು. ಆದರೆ ದೊಡ್ಡ ಪಾಠದ ಚಿತ್ರವನ್ನೋ ಪುಸ್ತಕವನ್ನೋ ತರಿಸುವಾಗ ಪೆಟ್ಟಿಗೆಯ ನೆರವು ತಪ್ಪಿಹೋಗುವುದು. ಗೌಪ್ಯವನ್ನು ಕೆಡಿಸದೆ ನಡುವಣ ನೆರವನ್ನು ಪಡೆಯುವ ಬಗೆ ಹೇಗೆಂಬುದು ಇನ್ನೂ ಚರ್ಚೆಯಲ್ಲಿರುವ ವಿಷಯ. ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಗಮನದಲ್ಲಿರಿಸಿಕೊಂಡರೆ ಒಳಿತು.

ಹಲವು ಹಳ್ಳಿಗಳ ತಟ್ಟೆಗಳು ಒಂದೇ ಅಲೆಪಟ್ಟಿಯಲ್ಲಿ ಮೇಲಕ್ಕೆ ಮಾತನಾಡುವಾಗ ಇನ್ನೊಂದು ಪ್ರಶ್ನೆ ಏಳುವುದು: ಸರದಿ ಯಾರದು? ಹವಾಯಿ ದ್ವೀಪಗಳಲ್ಲಿ 1971ರಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ನಡೆಸಿದ ಅಲೋಹಾ ಜಾಲದಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಮಾತನಾಡಬಹುದಾಗಿತ್ತು. ಇಬ್ಬರ ಮಾತು ಡಿಕ್ಕಿಹೊಡೆದರೆ ಇಬ್ಬರೂ ತುಸು ತಡೆದು ಮತ್ತೆ ಹೇಳಬೇಕು. ಇಂತಹ ಸ್ವಾತಂತ್ರ್ಯದಲ್ಲಿ ದಾರಿಯ ಸಾಮರ್ಥ್ಯದ ಶೇಕಡಾ 18ರಷ್ಟು ಮಾತ್ರ ಸಾರ್ಥಕವಾಗುವುದೆಂದು ಗಣಿತ ಹೇಳುತ್ತದೆ. ಕಾಲವನ್ನು ಸಮನಾದ ತುಂಡುಗಳನ್ನಾಗಿ ವಿಂಗಡಿಸಿದರೆ 37. ಮೊದಲೇ ಕೇಳಿ ಸರದಿ ಪಡೆಯುವುದು ಇನ್ನೂ ಲಾಭಕರ. ಆದರೆ ಕೇಳುವುದಕ್ಕೂ ಅರ್ಧ ಸೆಕೆಂಡು ತೆರಬೇಕು.

ಉತ್ತರವನ್ನೇ ಬಯಸದ ಪ್ರಸಾರವಾದರೆ ಈ ಚಿಂತೆಗಳಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳು ಬಂದುವು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳದಾಗಿತ್ತು. ನೆರೆಯ ಧಾರವಾಡದ ಪಾಲಿಗೆ ಬರಲಿಲ್ಲ. ಚಿತ್ರದಲ್ಲಿ ಒಂದು ಗೆರೆ ಅಳಿಸಿದರೆ ನೋಡುವವರು ಸಹಿಸಿಕೊಳ್ಳಬಹುದು. ಆದರೆ ಪಠ್ಯಪುಸ್ತಕದ ಕಡತದಲ್ಲಿ ಒಂದು ಪೊಟ್ಟಣ ಕಳೆದರೂ ಕಡತ ಕೆಟ್ಟಂತೆಯೇ. 500 ಶಾಲೆಗಳಿಗೆ 10,000 ಪೊಟ್ಟಣಗಳ ಕಡತವನ್ನು ಒಟ್ಟಿಗೆ ಬಿತ್ತರಿಸಿದಾಗ ಎಲ್ಲ ಶಾಲೆಗಳೂ ಎಲ್ಲ ಪೊಟ್ಟಣಗಳಿಗೂ ಪಾವತಿ ಕಳುಹಿದರೆ 50 ಲಕ್ಷ ಪಾವತಿಗಳಾಗುವುವು. ಕೇಂದ್ರ ಅದರಲ್ಲಿಯೇ ಮುಳುಗಿಹೋಗುವುದು. ಇದಕ್ಕೊಂದು ಸೊಗಸಾದ ಉಪಾಯವುಂಟು. 7, 4, 9 ಎಂಬ ಮೂರು ಸಂಖ್ಯೆಗಳನ್ನು ಕಳುಹಬೇಕಾಗಿದೆಯೆನ್ನಿ. ಅವುಗಳ ಮೊತ್ತವಾದ 20ನ್ನೂ ಜತೆಗೆ ಬಿತ್ತರಿಸೋಣ. ಕುಂದಗೋಳದ ಶಾಲೆಗೆ 4 ಸಿಗದಿದ್ದರೆ 20ರಿಂದ 7ನ್ನೂ 9ನ್ನೂ ಕಳೆದು ಪಡೆದುಕೊಳ್ಳುವುದು. ಅಣ್ಣಿಗೇರಿಯ ಶಾಲೆಗೆ 9 ಸಿಗದಿದ್ದರೆ ಅದೂ ಅದೇ 20ನ್ನೇ ಬಳಸಿಕೊಳ್ಳುವುದು. ಕಳೆದುದು ಬೇರೆ ಬೇರೆ, ಮದ್ದು ಒಂದೇ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಸಾವಿರಾರು ಪೊಟ್ಟಣಗಳಿಗೆ ಇದನ್ನೇ ವಿಸ್ತರಿಸಿದ ಸಂಕೇತಗಳು ಇಂದು ಬಳಕೆಯಲ್ಲಿವೆ.

ದೂರ ಇನ್ನೂ ಹೆಚ್ಚಿದಾಗ ಸಂಭಾಷಣೆಯೇ ಅಸಾಧ್ಯವಾಗುವುದು. ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ, 2008ರ ಚಂದ್ರಯಾನಕ್ಕಾಗಿ 32 ಮೀಟರು ವ್ಯಾಸದ ಆಂಟೆನವನ್ನು ಕಟ್ಟಲಾಯಿತು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನವು ಮಂಗಳನ ಕಕ್ಷೆಯನ್ನು ಸೇರಿದಾಗ ಅಲ್ಲಿಂದ ಭೂಮಿಗೆ ಸಂಜ್ಞೆ ಬರಲು ಸುಮಾರು ಹನ್ನೆರಡೂವರೆ ನಿಮಿಷ ಹಿಡಿಯುತ್ತಿತ್ತು. ಒಂದು ಪ್ರಶ್ನೋತ್ತರಕ್ಕೆ 25 ನಿಮಿಷ! ಇಂತಹ ದೂರಗಳಿಗೆಂದು ಬಾಹ್ಯಾಕಾಶ ಸಂಸ್ಥೆಗಳು ಕೂಡಿ ರೂಪಿಸಿರುವ ಕಡತ ನಿಯಮಾವಳಿಯಲ್ಲಿ ಒಪ್ಪಿಗೆ ಕೇಳುವ ಉಪಚಾರವಿಲ್ಲ. ಕಳುಹುವವನು ಕಡತವನ್ನು ಪೂರ್ತಿ ಸುರಿದುಬಿಡುವನು. ಪಡೆದವನು ಬಾರದ ಭಾಗಗಳ ಪಟ್ಟಿಯನ್ನಷ್ಟೇ ಹಿಂದಿರುಗಿಸುವನು.

ಕೆಳಗಿನ ಕಕ್ಷೆಗಳಲ್ಲಿ, 550 ಕಿಲೋಮೀಟರಿನ ಸುಮಾರಿಗೆ, ಸುತ್ತುವ ಹೊಸ ಉಪಗ್ರಹಗಳಲ್ಲಿ ಈ ಅರ್ಧ ಸೆಕೆಂಡಿನ ಬಾಧೆಯಿಲ್ಲ. ಆದರೆ ಅವು ಒಂದೆಡೆ ನಿಲ್ಲುವುದಿಲ್ಲ. ಕೆಲವು ನಿಮಿಷಗಳಲ್ಲಿ ಒಂದು ಮರೆಯಾಗಿ ಮತ್ತೊಂದಕ್ಕೆ ಸಂಪರ್ಕವನ್ನು ಒಪ್ಪಿಸಬೇಕು. ಅವುಗಳ ಲೆಕ್ಕವೇ ಬೇರೆ.

ಮೇಲಿನ ಗಣಿತವನ್ನು ಪರೀಕ್ಷಿಸಲು ವಾಚಕರಿಗೆ ದೊಡ್ಡ ಸಲಕರಣೆ ಬೇಕಿಲ್ಲ. ಕಂಪ್ಯೂಟರುಗಳಲ್ಲಿ ಪಿಂಗ್ ಎಂಬ ಸಣ್ಣ ಆಜ್ಞೆಯೊಂದುಂಟು; ಅದು ಒಂದು ಪೊಟ್ಟಣವನ್ನು ಕಳುಹಿ, ಉತ್ತರ ಬಂದ ಕಾಲವನ್ನು ಮಿಲಿಸೆಕೆಂಡುಗಳಲ್ಲಿ ತಿಳಿಸುವುದು. ಸಂಖ್ಯೆ 20ರಿಂದ 50ರೊಳಗಿದ್ದರೆ ದಾರಿ ನೆಲದ್ದೆಂದು ಊಹಿಸಬಹುದು. ಉಪಗ್ರಹದ ತಟ್ಟೆಯಿರುವ ಕಡೆ ಅನುಮತಿ ಪಡೆದು ಇದನ್ನೇ ಮಾಡಿದರೆ ಸಂಖ್ಯೆ 480ಕ್ಕಿಂತ ಕೆಳಗೆ ಇಳಿಯದು. ಬಿಸಿಲಿನಲ್ಲೊಮ್ಮೆ, ಜೋರು ಮಳೆಯಲ್ಲೊಮ್ಮೆ ನೂರು ಪೊಟ್ಟಣಗಳನ್ನು ಕಳುಹಿ ಬರೆದಿಟ್ಟುಕೊಳ್ಳಿ. ಮಳೆಯಿಂದ ದೂರ ಹೆಚ್ಚುವುದಿಲ್ಲವಾದ್ದರಿಂದ 480ರ ಆ ಮಿತಿ ಬದಲಾಗದು. ಉತ್ತರ ಬಾರದೆ ಹೋದ ಪೊಟ್ಟಣಗಳೆಷ್ಟೆಂಬುದನ್ನು ಎಣಿಸಬೇಕು.